ಖಳನೋ, ವ್ಯವಸ್ಥೆಯೋ: ಸಮಾಜವನ್ನು ಪ್ರಶ್ನಿಸಿದ ಹಳೆಯ ಕಾದಂಬರಿಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು

ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನದ ಕಾದಂಬರಿಗಳು ತಮ್ಮ ಕಾಲದ ಆಳ್ವಿಕೆಯನ್ನೂ ಸಮಾಜವನ್ನೂ ಹೇಗೆ ಟೀಕಿಸಿದವು ಎಂದು ತಿಳಿಯಬಯಸುವವರಿಗೆ ಎದುರಾಗುವ ಮೊದಲ ತೊಡಕು ಆಯ್ಕೆಯದು. ಹೆಸರು ಕೇಳಿದ ಕೃತಿಗಳು ಹತ್ತಾರು ಇವೆ, ಅವುಗಳಲ್ಲಿ ಹಲವು ದಪ್ಪ ಪುಸ್ತಕಗಳು, ಎಲ್ಲವನ್ನೂ ಓದಿ ಮುಗಿಸುವಷ್ಟು ಬಿಡುವು ಹೆಚ್ಚಿನವರಿಗೆ ಇರುವುದಿಲ್ಲ. ಯಾವುದು ಹೆಚ್ಚು ಪ್ರಸಿದ್ಧ ಎಂಬುದನ್ನೇ ಅಳತೆಗೋಲು ಮಾಡಿಕೊಂಡು ಆರಿಸಿದರೆ ಒಳ್ಳೆಯ ಕಥೆಯೇನೋ ಸಿಗುತ್ತದೆ, ಆದರೆ ನಾವು ಹುಡುಕುತ್ತಿದ್ದ ಟೀಕೆ ಸಿಗುತ್ತದೆ ಎಂಬ ಭರವಸೆ ಇರುವುದಿಲ್ಲ.

ನಾನು ಇಟ್ಟುಕೊಂಡಿರುವ ಅಳತೆಗೋಲು ಬೇರೆ. ಕಾದಂಬರಿಯು ಅನ್ಯಾಯಕ್ಕೆ ಒಬ್ಬ ದುಷ್ಟನನ್ನು ಕಾರಣವಾಗಿ ತೋರಿಸುತ್ತದೆಯೋ, ಅಥವಾ ದುಷ್ಟರಲ್ಲದವರ ಕೈಯಿಂದಲೂ ಅನ್ಯಾಯ ನಡೆಯುವಂತೆ ಮಾಡುವ ಏರ್ಪಾಡನ್ನು ಬಿಚ್ಚಿ ತೋರಿಸುತ್ತದೆಯೋ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಮೊದಲ ಬಗೆಯ ಪುಸ್ತಕದಲ್ಲಿ ಖಳನಿಗೆ ತಕ್ಕ ಶಾಸ್ತಿಯಾದ ಕೂಡಲೇ ಓದುಗನ ಮನಸ್ಸು ಹಗುರಾಗುತ್ತದೆ. ಎರಡನೆಯ ಬಗೆಯ ಪುಸ್ತಕದಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಅಲ್ಲಿ ತಪ್ಪು ಇರುವುದು ತೆರಿಗೆಯ ಪಟ್ಟಿಯಲ್ಲಿ, ಕೂಲಿಯ ದರದಲ್ಲಿ, ನ್ಯಾಯಾಲಯದ ಖರ್ಚಿನಲ್ಲಿ, ಮದುವೆಯ ಕಾನೂನಿನಲ್ಲಿ. ಬಹುತೇಕ ದೊಡ್ಡ ಕೃತಿಗಳಲ್ಲಿ ಎರಡೂ ಬೆರೆತಿರುತ್ತವೆ, ಆದ್ದರಿಂದ ಯಾವುದು ಎಷ್ಟಿದೆ ಎಂದು ತೂಗಿ ನೋಡಬೇಕಾಗುತ್ತದೆ. ಮುಂದಿನ ಹೋಲಿಕೆಗಳೆಲ್ಲ ಈ ತೂಕದ ಮೇಲೆ ನಿಂತಿವೆ.

ಕಚೇರಿ ಮತ್ತು ನ್ಯಾಯಾಲಯ: ಗೊಗೊಲ್, ಡಿಕನ್ಸ್

ಆಡಳಿತದ ಕಾಗದಪತ್ರಗಳು ಮನುಷ್ಯರನ್ನು ಏನು ಮಾಡುತ್ತವೆ ಎಂಬ ಪ್ರಶ್ನೆ ನಿಮ್ಮದಾಗಿದ್ದರೆ ಆಯ್ಕೆ ಎರಡು ಪುಸ್ತಕಗಳ ನಡುವೆ ಇರುತ್ತದೆ: 1842ರಲ್ಲಿ ಪ್ರಕಟವಾದ ನಿಕೊಲಾಯ್ ಗೊಗೊಲ್‌ನ 'ಡೆಡ್ ಸೋಲ್ಸ್', ಮತ್ತು 1852ರ ಮಾರ್ಚ್‌ನಿಂದ 1853ರ ಸೆಪ್ಟೆಂಬರ್‌ವರೆಗೆ ತಿಂಗಳ ಕಂತುಗಳಲ್ಲಿ ಬಂದ ಚಾರ್ಲ್ಸ್ ಡಿಕನ್ಸ್‌ನ 'ಬ್ಲೀಕ್ ಹೌಸ್'.

ಗೊಗೊಲ್‌ನ ಕಥೆ ಒಂದು ಲೆಕ್ಕದ ಮೇಲೆ ನಿಂತಿದೆ. ರಷ್ಯಾದಲ್ಲಿ ಆಗ ಜಮೀನುದಾರರು ತಮ್ಮ ಜೀತದ ರೈತರ ತಲೆಯೆಣಿಕೆಯ ಮೇಲೆ ತೆರಿಗೆ ಕಟ್ಟಬೇಕಿತ್ತು. ಎಣಿಕೆ ಹಲವು ವರ್ಷಗಳಿಗೊಮ್ಮೆ ನಡೆಯುತ್ತಿದ್ದುದರಿಂದ, ನಡುವೆ ಸತ್ತವರೂ ಮುಂದಿನ ಎಣಿಕೆಯವರೆಗೆ ಸರ್ಕಾರದ ಕಾಗದದಲ್ಲಿ ಬದುಕಿಯೇ ಇರುತ್ತಿದ್ದರು. ಚಿಚಿಕೋವ್ ಎಂಬ ನಯವಾದ ಮಾತಿನ ಮನುಷ್ಯ ಊರೂರು ಸುತ್ತಿ ಈ ಸತ್ತವರನ್ನು ಅಗ್ಗಕ್ಕೆ ಕೊಳ್ಳುತ್ತಾನೆ. ಕಾಗದದಲ್ಲಿ ಅವರನ್ನು ಆಸ್ತಿಯೆಂದು ತೋರಿಸಿ, ಅಡವಿಟ್ಟು ಸರ್ಕಾರಿ ಸಾಲ ಪಡೆಯುವುದು ಅವನ ಹಂಚಿಕೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಮೋಸ ನಡೆಯುವುದಕ್ಕೆ ಕಾನೂನನ್ನು ಎಲ್ಲಿಯೂ ದೊಡ್ಡದಾಗಿ ಮುರಿಯಬೇಕಾಗಿಲ್ಲ. ಬದುಕಿರುವ ಮನುಷ್ಯರನ್ನು ಮಾರುವುದು ನ್ಯಾಯಬದ್ಧವಾಗಿದ್ದ ನಾಡಿನಲ್ಲಿ ಸತ್ತವರನ್ನು ಮಾರುವುದು ಕೇವಲ ಒಂದು ಹೆಜ್ಜೆ ಮುಂದಿನ ಮಾತು.

ವಿಧವೆ ಕೊರೊಬೊಚ್ಕಾಳ ಮನೆಯ ಪ್ರಸಂಗವನ್ನು ನೋಡಿ. ಸತ್ತವರನ್ನು ಕೊಂಡುಕೊಳ್ಳುತ್ತೇನೆ ಎಂದು ಚಿಚಿಕೋವ್ ಹೇಳಿದಾಗ ಆಕೆಗೆ ಅಸಹ್ಯವೂ ಆಗುವುದಿಲ್ಲ, ಭಯವೂ ಆಗುವುದಿಲ್ಲ. ಅವಳಿಗಿರುವ ಅಳುಕು ಒಂದೇ: ಈ ಸರಕನ್ನು ತಾನು ಹಿಂದೆಂದೂ ಮಾರಿಲ್ಲ, ಪೇಟೆಯ ದರ ಗೊತ್ತಿಲ್ಲ, ಕಡಿಮೆಗೆ ಕೊಟ್ಟು ನಷ್ಟ ಮಾಡಿಕೊಂಡರೆ ಹೇಗೆ? ಸತ್ತವರು ಮನೆಗೆಲಸಕ್ಕೆ ಹೇಗಾದರೂ ಬೇಕಾಗಬಹುದೇನೋ ಎಂದೂ ಅವಳು ಯೋಚಿಸುತ್ತಾಳೆ. ಕೊನೆಗೆ ದರ ವಿಚಾರಿಸಲು ಅವಳು ಪಟ್ಟಣಕ್ಕೇ ಗಾಡಿ ಕಟ್ಟಿಸಿಕೊಂಡು ಬರುತ್ತಾಳೆ. ಅವಳು ಕ್ರೂರಿಯಲ್ಲ, ಲೆಕ್ಕಾಚಾರದ ಗೃಹಿಣಿ. ಆ ಲೆಕ್ಕಾಚಾರವೇ ಗೊಗೊಲ್‌ನ ಟೀಕೆ. ಇನ್ನೊಬ್ಬ ಜಮೀನುದಾರ ಸೊಬಕೆವಿಚ್ ತಲೆಗೆ ನೂರು ರೂಬಲ್‌ನಿಂದ ಚೌಕಾಸಿ ಆರಂಭಿಸಿ ಎರಡೂವರೆ ರೂಬಲ್‌ಗೆ ಇಳಿಯುತ್ತಾನೆ. ತನ್ನ ಸತ್ತ ಬಡಗಿ ಎಂಥ ಕಟ್ಟುಮಸ್ತಾದ ಆಳು, ತನ್ನ ಸತ್ತ ಗಾಡಿ ಕಟ್ಟುವವನ ಕೈಚಳಕ ಎಂಥದು ಎಂದು ನಡುನಡುವೆ ಹೊಗಳುವುದನ್ನೂ ಬಿಡುವುದಿಲ್ಲ.

ಈ ಪುಸ್ತಕದ ಕೊರತೆಯೆಂದು ಕೆಲವರು ಹೇಳುವುದು, ಇಲ್ಲಿ ನೊಂದವರು ಕಣ್ಣಿಗೆ ಬೀಳುವುದೇ ಇಲ್ಲ ಎಂಬುದು. ಇದು ಪೂರ್ತಿ ನಿಜವಲ್ಲ. ಏಳನೆಯ ಅಧ್ಯಾಯದಲ್ಲಿ ಚಿಚಿಕೋವ್ ತಾನು ಕೊಂಡವರ ಹೆಸರುಗಳನ್ನು ಸ್ವತಃ ನಕಲು ಮಾಡುತ್ತ ಕುಳಿತಿರುವಾಗ, ಒಂದೊಂದು ಹೆಸರಿನ ಮುಂದೆಯೂ ಅವನ ಕೈ ತಡೆಯುತ್ತದೆ. ಸ್ಟೆಪಾನ್ ಪ್ರೊಬ್ಕಾ ಎಂಬ ಬಡಗಿ ಎಲ್ಲಿ ಸತ್ತಿರಬಹುದು, ಚರ್ಚಿನ ಗೋಪುರದ ಮೇಲೆ ಕೆಲಸ ಮಾಡುವಾಗ ಜಾರಿ ಬಿದ್ದನೇ ಎಂದು ಅವನು ಊಹಿಸತೊಡಗುತ್ತಾನೆ. ಸರಕಿನ ಪಟ್ಟಿಯೊಂದು ಕೆಲವು ಪುಟಗಳ ಮಟ್ಟಿಗೆ ಮನುಷ್ಯರ ಪಟ್ಟಿಯಾಗುತ್ತದೆ. ಆ ಪುಟಗಳನ್ನು ನಾನು ಎಷ್ಟು ಸಲ ಓದಿದ್ದರೂ ಮತ್ತೆ ಅಲ್ಲಿಗೇ ಹಿಂದಿರುಗುತ್ತೇನೆ, ಏಕೆಂದರೆ ಜೀತಪದ್ಧತಿಯ ವಿರುದ್ಧ ಒಂದೇ ಒಂದು ಘೋಷಣೆಯಿಲ್ಲದೆ ಅದರ ಭಯಂಕರತೆಯನ್ನು ಇಷ್ಟು ಹತ್ತಿರದಿಂದ ತೋರಿಸಿದ ಬೇರೆ ಬರಹ ನನಗೆ ಗೊತ್ತಿಲ್ಲ. ಮಾಸ್ಕೋದ ಸೆನ್ಸಾರ್ ಸಮಿತಿಗೆ ಪುಸ್ತಕದ ಹೆಸರೇ ಹಿಡಿಸಲಿಲ್ಲ. ಆತ್ಮವು ಅಮರವಾಗಿರುವಾಗ ಸತ್ತ ಆತ್ಮ ಎನ್ನುವುದು ಹೇಗೆ ಎಂಬ ತಕರಾರು ಎದ್ದಿತು. ಸೇಂಟ್ ಪೀಟರ್ಸ್‌ಬರ್ಗ್‌ನ ಸೆನ್ಸಾರ್ ಒಪ್ಪಿಗೆ ಕೊಟ್ಟಾಗ ಶೀರ್ಷಿಕೆಯ ಮುಂದೆ 'ಚಿಚಿಕೋವನ ಸಾಹಸಗಳು' ಎಂಬ ಮಾತು ಸೇರಿಕೊಂಡಿತು, ಯುದ್ಧದಲ್ಲಿ ಅಂಗವಿಕಲನಾದ ಕ್ಯಾಪ್ಟನ್ ಕೊಪೆಯ್ಕಿನ್‌ನ ಉಪಕಥೆಯನ್ನು ಗೊಗೊಲ್ ತಿದ್ದಿ ಬರೆಯಬೇಕಾಯಿತು.

'ಬ್ಲೀಕ್ ಹೌಸ್'ನಲ್ಲಿ ನೊಂದವರು ಎಲ್ಲೆಲ್ಲಿಯೂ ಇದ್ದಾರೆ. ಲಂಡನ್ನಿನ ಚಾನ್ಸರಿ ನ್ಯಾಯಾಲಯದಲ್ಲಿ ತಲೆಮಾರುಗಳಿಂದ ನಡೆಯುತ್ತಿರುವ ಜಾರ್ನ್‌ಡೈಸ್ ಆಸ್ತಿ ವ್ಯಾಜ್ಯ ಅದರ ನಡುಗಂಬ. ಕೊನೆಗೊಂದು ದಿನ ವ್ಯಾಜ್ಯ ಮುಗಿಯುತ್ತದೆ. ತೀರ್ಪು ಬಂದು ಮುಗಿಯುವುದಲ್ಲ, ಇಡೀ ಆಸ್ತಿ ದಾವೆಯ ಖರ್ಚಿಗೇ ಕರಗಿಹೋಗಿ ಮುಗಿಯುತ್ತದೆ. ಕಾಗದದ ಕಟ್ಟುಗಳನ್ನು ಹೊತ್ತು ಹೊರಹಾಕುತ್ತಿರುವಾಗ ಅಲ್ಲಿದ್ದ ವಕೀಲರು ನಗುತ್ತಾರೆ. ಡಿಕನ್ಸ್ ತನ್ನ ಮುನ್ನುಡಿಯಲ್ಲಿ, ಸುಮಾರು ಇಪ್ಪತ್ತು ವರ್ಷಗಳಿಂದ ನಡೆಯುತ್ತಿದ್ದು 70,000 ಪೌಂಡ್ ಖರ್ಚು ನುಂಗಿದ ನಿಜವಾದ ಒಂದು ದಾವೆಯನ್ನು ಉದಾಹರಿಸಿ, ತಾನು ಉತ್ಪ್ರೇಕ್ಷೆ ಮಾಡಿಲ್ಲ ಎಂದು ಸಮರ್ಥಿಸಿಕೊಂಡಿದ್ದಾನೆ. ಅವನಿಗೆ ಈ ನ್ಯಾಯಾಲಯದ ಸ್ವಂತ ಅನುಭವವೂ ಇತ್ತು: ತನ್ನ ಕೃತಿಯನ್ನು ಕದ್ದು ಅಚ್ಚು ಹಾಕಿದವರ ಮೇಲೆ 1844ರಲ್ಲಿ ಅಲ್ಲಿ ದಾವೆ ಹೂಡಿ, ಗೆದ್ದು, ಎದುರಾಳಿಗಳು ದಿವಾಳಿಯಾದ್ದರಿಂದ ಖರ್ಚನ್ನು ತಾನೇ ಹೊರಬೇಕಾಗಿ ಬಂದಿತ್ತು.

ಈ ಪುಸ್ತಕದಲ್ಲಿ ಆರಿಸಿ ಓದಬೇಕಾದ ಒಂದು ಘಟ್ಟವನ್ನು ಹೇಳುವುದಾದರೆ, ಬೀದಿ ಗುಡಿಸುವ ಹುಡುಗ ಜೋ ಮರಣವಿಚಾರಣೆಗೆ ಬಂದು ನಿಲ್ಲುವ ಪ್ರಸಂಗವನ್ನೇ ನಾನು ತೋರಿಸುತ್ತೇನೆ. ಅವನಿಗೆ ತಂದೆಯಿಲ್ಲ, ತಾಯಿಯಿಲ್ಲ, ಅಕ್ಷರ ಗೊತ್ತಿಲ್ಲ. ಸುಳ್ಳು ಹೇಳುವುದು ಕೆಟ್ಟದ್ದು ಎಂಬುದು ಮಾತ್ರ ಗೊತ್ತು. ಸುಳ್ಳು ಪ್ರಮಾಣ ಮಾಡಿದರೆ ಸತ್ತ ಮೇಲೆ ಏನಾಗುತ್ತದೆ ಎಂಬುದನ್ನು ಅವನು ಸರಿಯಾಗಿ ಹೇಳಲಾರ. ಆ ಕಾರಣಕ್ಕೆ ಅವನ ಸಾಕ್ಷ್ಯವನ್ನು ಸ್ವೀಕರಿಸುವುದಿಲ್ಲ, ಬದಿಗೆ ಸರಿಸುತ್ತಾರೆ. ಸತ್ತ ಮನುಷ್ಯನಿಂದ ದಯೆ ಕಂಡವನು, ಅವನ ಬಗ್ಗೆ ಹೇಳಬಲ್ಲವನು ಆ ಹುಡುಗ. ಅಲ್ಲಿದ್ದ ಅಧಿಕಾರಿಗೆ ಹುಡುಗನ ಮೇಲೆ ಹಗೆಯೇನೂ ಇಲ್ಲ, ಅವನು ನಿಯಮ ಪಾಲಿಸುತ್ತಿದ್ದಾನೆ ಅಷ್ಟೆ.

ಇವೆರಡರಲ್ಲಿ ಯಾವುದು? ತಾಳ್ಮೆಯಿದ್ದರೆ, ಹಲವು ಎಳೆಗಳು ಮೆಲ್ಲಗೆ ಕೂಡಿಕೊಳ್ಳುವುದು ಇಷ್ಟವಾಗುವುದಾದರೆ, 'ಬ್ಲೀಕ್ ಹೌಸ್' ಕೊಡುವ ಫಲ ದೊಡ್ಡದು. ಆದರೆ ಡಿಕನ್ಸ್‌ಗೆ ಪರಿಹಾರವೆಂದು ತೋಚುವುದು ಒಳ್ಳೆಯ ಮನಸ್ಸಿನ ಒಬ್ಬ ಶ್ರೀಮಂತನ ಔದಾರ್ಯ. ಅವನು ವ್ಯವಸ್ಥೆಯನ್ನು ಬಿಚ್ಚಿ ತೋರಿಸಿ, ಕೊನೆಗೆ ಕೆಲವರನ್ನು ಮಾತ್ರ ಅದರಿಂದ ದೂರ ಒಯ್ದು ಒಂದು ಸುಂದರವಾದ ಮನೆಯಲ್ಲಿ ಇರಿಸುತ್ತಾನೆ. ಗೊಗೊಲ್‌ನಲ್ಲಿ ಆ ಸಮಾಧಾನವೂ ಇಲ್ಲ. ಸಮಾಧಾನ ಕೊಡಬೇಕಿದ್ದ ಎರಡನೆಯ ಭಾಗದ ಹಸ್ತಪ್ರತಿಯನ್ನು ಅವನು 1852ರ ಫೆಬ್ರವರಿಯಲ್ಲಿ ಸುಟ್ಟು, ಕೆಲವೇ ದಿನಗಳಲ್ಲಿ ತೀರಿಕೊಂಡ. ಒಂದನ್ನೇ ಓದುವುದಾದರೆ ನಾನು ಗೊಗೊಲ್‌ನನ್ನು ಮುಂದಿಡುತ್ತೇನೆ.

ಕಾರ್ಖಾನೆ ಮತ್ತು ಗಣಿ

ಇಲ್ಲಿ ತೀರ್ಮಾನ ಸುಲಭ. 1854ರಲ್ಲಿ ವಾರದ ಕಂತುಗಳಲ್ಲಿ ಬಂದ ಡಿಕನ್ಸ್‌ನ 'ಹಾರ್ಡ್ ಟೈಮ್ಸ್' ಚಿಕ್ಕದು, ಬೇಗ ಮುಗಿಯುತ್ತದೆ, ಅದರ ಆರಂಭದ ಶಾಲೆಯ ದೃಶ್ಯ ಮರೆಯಲಾಗದಂಥದು: ಕುದುರೆಗಳ ನಡುವೆಯೇ ಬೆಳೆದ ಸರ್ಕಸ್ಸಿನ ಹುಡುಗಿಗೆ ಕುದುರೆಯ ವ್ಯಾಖ್ಯೆ ಹೇಳಲು ಬರುವುದಿಲ್ಲ, ಅದರ ಹಲ್ಲುಗಳನ್ನು ಲೆಕ್ಕಹಾಕಿ ಒಪ್ಪಿಸುವ ಹುಡುಗ ಜಾಣನೆನಿಸಿಕೊಳ್ಳುತ್ತಾನೆ. ಅಂಕಿಅಂಶಗಳ ಆರಾಧನೆಯ ಮೇಲಿನ ಟೀಕೆಯಾಗಿ ಅದು ಇಂದಿಗೂ ಹರಿತವಾಗಿದೆ. ಆದರೆ ಕಾರ್ಮಿಕರ ವಿಷಯಕ್ಕೆ ಬಂದಾಗ ಡಿಕನ್ಸ್ ಹಿಂಜರಿಯುತ್ತಾನೆ. ಆ ವರ್ಷದ ಆರಂಭದಲ್ಲಿ ಪ್ರೆಸ್ಟನ್ ಪಟ್ಟಣದ ಮುಷ್ಕರವನ್ನು ಸ್ವತಃ ನೋಡಿಬಂದಿದ್ದರೂ, ಕಾದಂಬರಿಯಲ್ಲಿ ಸಂಘದ ಭಾಷಣಕಾರನನ್ನು ಬರಿಯ ಬಾಯಿಬಡುಕನನ್ನಾಗಿ ಚಿತ್ರಿಸಿ, ಸಂಘಕ್ಕೆ ಸೇರದ ಸಾಧು ಕೆಲಸಗಾರನೊಬ್ಬನನ್ನು ಆದರ್ಶವಾಗಿಸುತ್ತಾನೆ. ಕೂಲಿ ಎಷ್ಟು, ಅದು ಹೇಗೆ ಇಳಿಯಿತು ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ.

ಆ ಉತ್ತರಕ್ಕಾಗಿ ಎಮಿಲ್ ಜೋಲಾನ 'ಜರ್ಮಿನಲ್' ಓದಬೇಕು. 1884ರ ಫೆಬ್ರವರಿಯಲ್ಲಿ ಉತ್ತರ ಫ್ರಾನ್ಸಿನ ಆನ್ಜಾಂ ಗಣಿಗಳಲ್ಲಿ ಮುಷ್ಕರ ನಡೆಯುತ್ತಿದ್ದಾಗ ಜೋಲಾ ಅಲ್ಲಿಗೆ ಹೋಗಿ, ಗಣಿಯೊಳಗೆ ಇಳಿದು, ಟಿಪ್ಪಣಿ ಮಾಡಿಕೊಂಡು ಬಂದ. ಪುಸ್ತಕ ಮರುವರ್ಷ ಹೊರಬಂತು. ಮುಷ್ಕರಕ್ಕೆ ಕಾರಣವಾಗುವ ಸಂಗತಿಯನ್ನು ಅವನು ವಿವರಿಸುವ ರೀತಿಯಲ್ಲಿಯೇ ಅವನ ಹೆಚ್ಚುಗಾರಿಕೆ ಇದೆ. ಗಣಿಯ ಮೇಲ್ಛಾವಣಿ ಕುಸಿಯದಂತೆ ಮರದ ಆಸರೆಗಳನ್ನು ನಿಲ್ಲಿಸುವುದು ಕೆಲಸಗಾರರದೇ ಹೊಣೆ. ಆದರೆ ಅವರಿಗೆ ಕೂಲಿ ಬರುವುದು ತುಂಬಿಸಿದ ಕಲ್ಲಿದ್ದಲಿನ ತೊಟ್ಟಿಯ ಲೆಕ್ಕದಲ್ಲಿ. ಆಸರೆ ಕಟ್ಟುತ್ತ ಕುಳಿತರೆ ಹೊಟ್ಟೆಗಿಲ್ಲ, ಕಟ್ಟದಿದ್ದರೆ ಜೀವಕ್ಕೆ ಅಪಾಯ, ಸಾಲದ್ದಕ್ಕೆ ದಂಡ. ಇದನ್ನು ಸರಿಪಡಿಸುವ ನೆಪದಲ್ಲಿ ಕಂಪನಿಯು ಆಸರೆಯ ಕೆಲಸಕ್ಕೆ ಬೇರೆಯಾಗಿ ಕೂಲಿ ಕೊಡುವುದಾಗಿ ಸಾರಿ, ತೊಟ್ಟಿಯ ದರವನ್ನು 50 ಸೆಂಟೀಮ್‌ನಿಂದ 40ಕ್ಕೆ ಇಳಿಸುತ್ತದೆ. ಹೊಸ ಕೂಲಿ ಆ ಕಡಿತವನ್ನು ತುಂಬಿಕೊಡುವುದಿಲ್ಲ ಎಂಬುದನ್ನು ಗಣಿಯವರು ಬೆರಳೆಣಿಸಿ ಕಂಡುಕೊಳ್ಳುತ್ತಾರೆ. ಸುರಕ್ಷತೆಯ ಹೆಸರಿನಲ್ಲಿ ಕೂಲಿ ಕಡಿಯುವ ಈ ಉಪಾಯವನ್ನು ಕಾದಂಬರಿಯೊಂದು ಇಷ್ಟು ಸ್ಪಷ್ಟವಾಗಿ ಹೇಳಬಹುದೆಂದು ಅದನ್ನು ಓದುವವರೆಗೆ ನಾನು ಎಣಿಸಿರಲಿಲ್ಲ.

ಜೋಲಾನ ಶ್ರೀಮಂತರೂ ರಾಕ್ಷಸರಲ್ಲ. ಗ್ರೆಗ್ವಾರ್ ದಂಪತಿಗಳು ಮುತ್ತಜ್ಜ ಕೊಂಡಿದ್ದ ಒಂದು ಪಾಲಿನ ಆದಾಯದಲ್ಲಿ ನೆಮ್ಮದಿಯಾಗಿ, ಆಳುಕಾಳುಗಳೊಂದಿಗೆ ಸಲಿಗೆಯಿಂದ, ಮಗಳನ್ನು ಮುದ್ದಿಸಿಕೊಂಡು ಬದುಕುವವರು. ಗಣಿ ಕೆಲಸಗಾರನ ಹೆಂಡತಿ ಇಬ್ಬರು ಮಕ್ಕಳ ಕೈಹಿಡಿದು ಅವರ ಬಾಗಿಲಿಗೆ ಬಂದು ಐದು ಫ್ರಾಂಕ್ ಕೇಳುತ್ತಾಳೆ. ಬಡವರಿಗೆ ಹಣ ಕೊಡಬಾರದು, ಕೊಟ್ಟರೆ ಕುಡಿದು ಹಾಳುಮಾಡುತ್ತಾರೆ ಎಂಬುದು ಆ ಮನೆಯ ನಿಯಮ. ಬೆಚ್ಚನೆಯ ಬಟ್ಟೆ ಕೊಡುತ್ತಾರೆ, ಮಕ್ಕಳ ಕೈಗೆ ಬೆಣ್ಣೆ ಹಾಕಿ ಮಾಡಿದ ಸಿಹಿ ಬ್ರೆಡ್ಡಿನ ತುಂಡುಗಳನ್ನು ಇಡುತ್ತಾರೆ, ಹಣ ಮಾತ್ರ ಕೊಡುವುದಿಲ್ಲ. ಚಳಿಯಿಂದ ಮರಗಟ್ಟಿದ ಪುಟ್ಟ ಕೈಗಳಲ್ಲಿ ಆ ತುಂಡುಗಳನ್ನು ಹಿಡಿದುಕೊಂಡು ಮಕ್ಕಳು ಹೊರಡುತ್ತಾರೆ.

ಜೋಲಾನ ಬರಹದಲ್ಲಿ ದೋಷಗಳಿಲ್ಲವೆಂದಲ್ಲ. ಜನರ ಗುಂಪನ್ನು ಅವನು ಪ್ರಾಣಿಗಳ ಹಿಂಡಿನಂತೆ ಕಾಣುವ ಪುಟಗಳಿವೆ, ಹಿಂಸೆಯ ದೃಶ್ಯಗಳು ಎಳೆಯ ಓದುಗರಿಗೆ ತಕ್ಕವಲ್ಲ. ಆದರೂ ಕಾರ್ಮಿಕರ ಬದುಕಿನ ವಿಷಯದಲ್ಲಿ ಇವೆರಡನ್ನು ಹೋಲಿಸುವುದಾದರೆ 'ಜರ್ಮಿನಲ್' ಬಹಳ ಮುಂದಿದೆ. 1902ರಲ್ಲಿ ಜೋಲಾನ ಶವಯಾತ್ರೆಗೆ ಬಂದ ಗಣಿ ಕೆಲಸಗಾರರು ಕೂಗಿದ್ದು ಅವನ ಹೆಸರನ್ನಲ್ಲ, ಈ ಪುಸ್ತಕದ ಹೆಸರನ್ನು.

ಗುಲಾಮಗಿರಿ ಮತ್ತು ವಸಾಹತು

ಹ್ಯಾರಿಯೆಟ್ ಬೀಚರ್ ಸ್ಟೋವ್‌ಳ 'ಅಂಕಲ್ ಟಾಮ್ಸ್ ಕ್ಯಾಬಿನ್' ಎಲ್ಲರೂ ಹೆಸರಿಸುವ ಪುಸ್ತಕ. 1850ರ ಪಲಾಯಿತ ಗುಲಾಮರ ಕಾಯ್ದೆಯ ವಿರುದ್ಧದ ಸಿಟ್ಟಿನಿಂದ ಹುಟ್ಟಿ, 1851-52ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1852ರ ಮಾರ್ಚ್‌ನಲ್ಲಿ ಪುಸ್ತಕವಾದಾಗ ಮೊದಲ ವರ್ಷವೇ ಅಮೆರಿಕದಲ್ಲಿ ಸುಮಾರು ಮೂರು ಲಕ್ಷ ಪ್ರತಿಗಳು ಹೋದವು. ಮೇರಿಲ್ಯಾಂಡಿನಲ್ಲಿ ಸ್ಯಾಮ್ಯುಯೆಲ್ ಗ್ರೀನ್ ಎಂಬ ಸ್ವತಂತ್ರ ಕಪ್ಪು ಧರ್ಮಬೋಧಕನಿಗೆ ಈ ಪುಸ್ತಕವನ್ನು ಮನೆಯಲ್ಲಿ ಇಟ್ಟುಕೊಂಡಿದ್ದಕ್ಕಾಗಿ 1857ರಲ್ಲಿ ಹತ್ತು ವರ್ಷಗಳ ಸೆರೆಮನೆ ಶಿಕ್ಷೆ ವಿಧಿಸಲಾಯಿತು. ಅಮೆರಿಕದ ಅಧ್ಯಕ್ಷ ಲಿಂಕನ್ ಲೇಖಕಿಯನ್ನು ಕಂಡು, ಈ ದೊಡ್ಡ ಯುದ್ಧವನ್ನು ಹುಟ್ಟಿಸಿದ ಪುಟ್ಟ ಹೆಂಗಸು ನೀವೇನೋ ಎಂದು ಆಡಿದನೆಂದು ಹೇಳಲಾಗುವ ಪ್ರಸಿದ್ಧ ಮಾತಿಗೆ ಸಮಕಾಲೀನ ಆಧಾರವಿಲ್ಲ. ಗ್ರೀನ್‌ನ ಶಿಕ್ಷೆಗಾದರೋ ದಾಖಲೆಯಿದೆ, ಪುಸ್ತಕದ ಬಲವನ್ನು ಅಳೆಯಲು ಅದೇ ಸಾಕು.

ಈ ಕಾದಂಬರಿಯ ಅತ್ಯಂತ ಗಟ್ಟಿಯಾದ ಟೀಕೆ ಮೊದಲ ಅಧ್ಯಾಯದಲ್ಲೇ ಇದೆ. ಟಾಮ್‌ನ ಯಜಮಾನ ಶೆಲ್ಬಿ ಮೃದು ಸ್ವಭಾವದವನು, ಟಾಮ್‌ನನ್ನು ನಂಬಿದವನು. ಅವನಿಗೆ ಸಾಲವಾಗಿದೆ, ಸಾಲಪತ್ರಗಳು ಗುಲಾಮರ ವ್ಯಾಪಾರಿಯ ಕೈ ಸೇರಿವೆ, ಟಾಮ್ ಮಾರಾಟವಾಗುತ್ತಾನೆ. ಯಜಮಾನನ ಒಳ್ಳೆಯತನ ಗುಲಾಮನಿಗೆ ಯಾವ ರಕ್ಷಣೆಯೂ ಅಲ್ಲ ಎಂಬುದನ್ನು ಇದಕ್ಕಿಂತ ಚೊಕ್ಕವಾಗಿ ಹೇಳಲಾಗದು. ಆದರೆ ಪುಸ್ತಕ ಮುಂದುವರಿದಂತೆ ಚಾವಟಿ ಹಿಡಿದ ಸೈಮನ್ ಲೆಗ್ರೀ ಬರುತ್ತಾನೆ, ಓದುಗನ ಕೋಪವೆಲ್ಲ ಅವನೊಬ್ಬನ ಮೇಲೆ ಹರಿಯುತ್ತದೆ. ಟಾಮ್‌ನ ಸಹನೆಯನ್ನು ಸಂತನ ಗುಣವಾಗಿಸಿದ್ದು, ಬಿಡುಗಡೆ ಪಡೆದ ಕುಟುಂಬವನ್ನು ಕೊನೆಗೆ ಆಫ್ರಿಕದ ಲೈಬೀರಿಯಕ್ಕೆ ಕಳುಹಿಸಿದ್ದು ಇವೆರಡೂ ಕಪ್ಪು ಓದುಗರಿಗೆ ನೋವು ತಂದ ಸಂಗತಿಗಳು, ಆ ನೋವಿಗೆ ಬಲವಾದ ಕಾರಣವಿದೆ.

ಇದರ ಪಕ್ಕಕ್ಕೆ 1860ರಲ್ಲಿ ಡಚ್ ಭಾಷೆಯಲ್ಲಿ ಬಂದ 'ಮ್ಯಾಕ್ಸ್ ಹಾವೆಲಾರ್' ಅನ್ನು ಇಟ್ಟು ನೋಡಿ. ಬರೆದವನು ಎಡುವಾರ್ಡ್ ದೌವೆಸ್ ಡೆಕರ್. ಜಾವಾದ ಲೆಬಕ್ ಪ್ರಾಂತ್ಯದಲ್ಲಿ ಡಚ್ ಸರ್ಕಾರದ ಅಧಿಕಾರಿಯಾಗಿದ್ದು, ಸ್ಥಳೀಯ ಅರಸ ಬಿಟ್ಟಿ ದುಡಿಸಿಕೊಳ್ಳುವುದನ್ನೂ ಜಾನುವಾರು ಕಿತ್ತುಕೊಳ್ಳುವುದನ್ನೂ ಮೇಲಧಿಕಾರಿಗಳಿಗೆ ದೂರಿ, ಅವರು ಅದನ್ನು ಮುಚ್ಚಿಹಾಕಲು ನೋಡಿದಾಗ 1856ರಲ್ಲಿ ರಾಜೀನಾಮೆ ಕೊಟ್ಟವನು. ಅವನು ಇಟ್ಟುಕೊಂಡ ಕಾವ್ಯನಾಮ ಮುಲ್ತಾತುಲಿ; ಲ್ಯಾಟಿನ್‌ನಲ್ಲಿ ಅದರ ಅರ್ಥ 'ಬಹಳ ಸಹಿಸಿದ್ದೇನೆ'. 1830ರಿಂದ ಜಾವಾದಲ್ಲಿ ಜಾರಿಯಲ್ಲಿದ್ದ ಸಾಗುವಳಿ ಪದ್ಧತಿಯಲ್ಲಿ ರೈತರು ಸರ್ಕಾರಕ್ಕಾಗಿ ಕಾಫಿ, ಕಬ್ಬು, ನೀಲಿ ಬೆಳೆಯಬೇಕಿತ್ತು, ಆ ಬೆಳೆಯ ಮೇಲೆ ಅಧಿಕಾರಿಗಳಿಗೂ ಸ್ಥಳೀಯ ಅರಸರಿಗೂ ಪಾಲು ಸಿಗುತ್ತಿತ್ತು. ಹೆಚ್ಚು ಹಿಂಡಿದವನಿಗೆ ಹೆಚ್ಚು ಪಾಲು ಎಂಬ ಏರ್ಪಾಡಿನಲ್ಲಿ ಯಾರು ಯಾರನ್ನು ತಡೆಯಬೇಕು?

ಮುಲ್ತಾತುಲಿಯ ಜಾಣ್ಮೆ ಕಾಣುವುದು ನಿರೂಪಕನ ಆಯ್ಕೆಯಲ್ಲಿ. ಕಥೆ ಹೇಳತೊಡಗುವವನು ಆಮ್‌ಸ್ಟರ್‌ಡಾಮಿನ ಲೌರಿಯರ್‌ಗ್ರಾಖ್ತ್ ಬೀದಿಯ 37ನೆಯ ಸಂಖ್ಯೆಯ ಮನೆಯ ಕಾಫಿ ದಲ್ಲಾಳಿ ದ್ರೋಗ್‌ಸ್ತೋಪಲ್. ಅವನು ದೈವಭಕ್ತ, ಹೊತ್ತಿಗೆ ಸರಿಯಾಗಿ ನಡೆಯುವವನು, ಕಾವ್ಯ ಕಾದಂಬರಿಗಳೆಲ್ಲ ಸುಳ್ಳು ಎಂದು ನಂಬಿದವನು. ಅವನ ಕೈಗೆ ಬಂದ ಕಾಗದದ ಕಟ್ಟಿನಿಂದಲೇ ಜಾವಾದ ಕಥೆ ಹೊರಬೀಳುತ್ತದೆ. ಆ ಕಥೆಯೊಳಗೆ ಸಾಯಿಜಾ ಎಂಬ ಹುಡುಗನ ಮನೆಯ ಎಮ್ಮೆಯನ್ನು ಕಿತ್ತುಕೊಳ್ಳುತ್ತಾರೆ, ತಂದೆ ಹಿರಿಯರಿಂದ ಬಂದ ಕಠಾರಿಯನ್ನು ಮಾರಿ ಇನ್ನೊಂದನ್ನು ತರುತ್ತಾನೆ, ಅದನ್ನೂ ಕಿತ್ತುಕೊಳ್ಳುತ್ತಾರೆ. ದೂರದ ಊರಿಗೆ ದುಡಿಯಲು ಹೊರಟ ಸಾಯಿಜಾ ಮೂವತ್ತಾರು ಹುಣ್ಣಿಮೆ ಕಳೆದು ಬರುತ್ತೇನೆ ಎನ್ನುತ್ತಾನೆ, ಅವನಿಗಾಗಿ ಕಾಯುವ ಅದಿಂದಾ ಭತ್ತ ಕುಟ್ಟುವ ಒರಳಿನ ಮರದಲ್ಲಿ ಒಂದೊಂದು ತಿಂಗಳಿಗೂ ಒಂದೊಂದು ಗೀರು ಹಾಕುತ್ತ ಹೋಗುತ್ತಾಳೆ. ಕೊನೆಯ ಪುಟಗಳಲ್ಲಿ ಲೇಖಕ ತನ್ನ ಪಾತ್ರಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ತಾನೇ ಎದ್ದು ನಿಂತು, ನೆದರ್ಲೆಂಡ್ಸಿನ ದೊರೆ ಮೂರನೆಯ ವಿಲಿಯಮ್‌ನನ್ನು ನೇರವಾಗಿ ಪ್ರಶ್ನಿಸುತ್ತಾನೆ.

ಪುಸ್ತಕವನ್ನು ಅಚ್ಚಿಗೆ ಒಯ್ದ ವಾನ್ ಲೆನೆಪ್ ಎಂಬ ಸಾಹಿತಿ ಹಕ್ಕುಗಳನ್ನು ತನ್ನದಾಗಿಸಿಕೊಂಡು, ಸ್ಥಳಗಳ ಹೆಸರುಗಳನ್ನೂ ಇಸವಿಗಳನ್ನೂ ಚುಕ್ಕೆಗಳಿಂದ ಮರೆಮಾಡಿದ. ದೂರುಪತ್ರದಂತಿದ್ದ ಪುಸ್ತಕ ಕಟ್ಟುಕಥೆಯಂತೆ ಕಾಣಬೇಕೆಂಬುದು ಆ ಚುಕ್ಕೆಗಳ ಕೆಲಸವಾಗಿತ್ತು. ಮುಲ್ತಾತುಲಿಗೂ ಮಿತಿಯಿದೆ: ಅವನು ಬೇಡುವುದು ನ್ಯಾಯವಾದ ಡಚ್ ಆಳ್ವಿಕೆಯನ್ನು, ಡಚ್ಚರು ಹೊರಡಬೇಕೆಂದಲ್ಲ. ಆದರೂ ಕಾಫಿಯ ಬಟ್ಟಲಿನಿಂದ ಒರಳಿನ ಗೀರಿನವರೆಗೆ ಇರುವ ದಾರಿಯನ್ನು ಹಂತಹಂತವಾಗಿ ತೋರಿಸಿದ್ದರಿಂದ, ನನ್ನ ತಕ್ಕಡಿಯಲ್ಲಿ ಇದು ಸ್ಟೋವ್‌ಳ ಪುಸ್ತಕಕ್ಕಿಂತ ಭಾರವಾಗಿದೆ.

ಆಳಿಸಿಕೊಂಡವರ ಕಡೆಯಿಂದಲೇ ಕೇಳಬೇಕೆನ್ನುವವರಿಗೆ ಬೇರೆ ಎರಡು ಪುಸ್ತಕಗಳಿವೆ. ಹೋಸೆ ರಿಸಾಲ್ ಸ್ಪ್ಯಾನಿಷ್‌ನಲ್ಲಿ ಬರೆದು 1887ರಲ್ಲಿ ಬರ್ಲಿನ್‌ನಲ್ಲಿ ಸ್ನೇಹಿತನ ಹಣದ ನೆರವಿನಿಂದ 2,000 ಪ್ರತಿ ಅಚ್ಚು ಹಾಕಿಸಿದ 'ನೋಲಿ ಮಿ ತಾಂಜೆರೆ' ಫಿಲಿಪ್ಪೀನ್ಸಿನ ಸ್ಪ್ಯಾನಿಷ್ ಕ್ರೈಸ್ತ ಸನ್ಯಾಸಿಗಳ ಪ್ರಭುತ್ವವನ್ನು ಎದುರಿಸುತ್ತದೆ. ರಿಸಾಲ್‌ನನ್ನು ಸ್ಪ್ಯಾನಿಷ್ ಸರ್ಕಾರ 1896ರ ಡಿಸೆಂಬರ್ 30ರಂದು ಮನಿಲಾದಲ್ಲಿ ಗುಂಡಿಟ್ಟು ಕೊಂದಿತು. ಅದು ಭಾವಾವೇಶದ ಪುಸ್ತಕ, ಖಳರು ಢಾಳಾಗಿ ಕಾಣುತ್ತಾರೆ. ಫಕೀರ ಮೋಹನ ಸೇನಾಪತಿಯ ಒಡಿಯಾ ಕಾದಂಬರಿ 'ಛ ಮಾಣ ಆಠ ಗುಂಠ' 1897ರಿಂದ 1899ರವರೆಗೆ ಧಾರಾವಾಹಿಯಾಗಿ ಬಂದದ್ದು. ಜಮೀನ್ದಾರ ರಾಮಚಂದ್ರ ಮಂಗರಾಜ ನೇಕಾರ ದಂಪತಿಗಳಾದ ಭಗಿಯಾ ಮತ್ತು ಸಾರಿಯಾರ ತುಂಡು ಭೂಮಿಯನ್ನು ನುಂಗುವ ಕಥೆ ಅದು. ಮಕ್ಕಳಿಲ್ಲದ ಸಾರಿಯಾಳ ಹಂಬಲ, ದೇವಿಯ ಹೆಸರಿನಲ್ಲಿ ಹೂಡಿದ ಮೋಸ, ಗುಡಿ ಕಟ್ಟಿಸಲು ಮಾಡಿದ ಅಡಮಾನ, ಮುಂದೆ ನ್ಯಾಯಾಲಯ ಇವೆಲ್ಲ ಒಂದೇ ದಾರದಲ್ಲಿ ಪೋಣಿಸಿಕೊಂಡು ಬರುತ್ತವೆ. ಮಂಗರಾಜ ದುಷ್ಟನೇ ಹೌದು, ಆದರೆ ಅವನಿಗೆ ದಾರಿ ಮಾಡಿಕೊಟ್ಟ ಕಾಗದಪತ್ರಗಳ ಮೇಲೆ ಸೇನಾಪತಿಯ ಕಣ್ಣು ಸದಾ ಇರುತ್ತದೆ. ಚಿಕ್ಕ ಪುಸ್ತಕ ಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಮನೆಯೊಳಗಿನ ಕಾನೂನು

ರಾಜಕೀಯವೆಂದರೆ ಅರಮನೆ, ಶಾಸನಸಭೆ ಮಾತ್ರ ಎಂದುಕೊಂಡವರು ಆ್ಯನ್ ಬ್ರಾಂಟೆಯ 'ದಿ ಟೆನಂಟ್ ಆಫ್ ವೈಲ್ಡ್‌ಫೆಲ್ ಹಾಲ್' ಅನ್ನು ಪಟ್ಟಿಯಿಂದ ಬಿಟ್ಟುಬಿಡುತ್ತಾರೆ, ಅದು ತಪ್ಪು. 1848ರಲ್ಲಿ ಅದು ಬಂದಾಗ ಇಂಗ್ಲೆಂಡಿನ ವಿವಾಹಿತ ಹೆಂಗಸಿಗೆ ಸ್ವಂತ ಗಳಿಕೆಯ ಮೇಲೆ ಹಕ್ಕಿರಲಿಲ್ಲ. ಆ ಹಕ್ಕು 1870 ಮತ್ತು 1882ರ ಕಾಯ್ದೆಗಳಿಂದ ಹಂತಹಂತವಾಗಿ ದೊರೆಯಿತು. ಕುಡುಕ ಗಂಡನಿಂದ ಮಗನನ್ನು ದೂರ ಒಯ್ಯಲು ನಿಶ್ಚಯಿಸಿದ ಹೆಲೆನ್, ಚಿತ್ರ ಬರೆದು ಹೊಟ್ಟೆ ಹೊರೆಯಬಹುದೆಂದು ಗುಟ್ಟಾಗಿ ತಯಾರಾಗುತ್ತಿರುತ್ತಾಳೆ. ಗಂಡ ಅವಳ ದಿನಚರಿಯನ್ನು ಕಿತ್ತುಕೊಂಡು ಓದಿ, ಬೀಗದ ಕೈಗಳನ್ನು ವಶಪಡಿಸಿಕೊಂಡು, ಬಣ್ಣ ಕುಂಚಗಳನ್ನೆಲ್ಲ ಬೆಂಕಿಗೆ ಹಾಕಿಸುತ್ತಾನೆ. ಅವನ ಸಿಟ್ಟು ಅವನದು, ಆದರೆ ಹಾಗೆ ಮಾಡುವ ಅಧಿಕಾರ ಕೊಟ್ಟದ್ದು ಕಾನೂನು. ಇದೇ ಶತಮಾನದ ಕೊನೆಯಲ್ಲಿ, 1899ರಲ್ಲಿ, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕನ್ನಡದಲ್ಲಿ ವಿಧವೆಯ ಬದುಕನ್ನು ಎತ್ತಿಕೊಂಡು ಅವಳಿಗೆ ಓದನ್ನೂ ಮರುಮದುವೆಯನ್ನೂ ದೊರಕಿಸಿತು. ಬ್ರಾಂಟೆಯ ಕೃತಿಯೊಂದಿಗೆ ಅದನ್ನು ಜೋಡಿಯಾಗಿ ಓದಿದರೆ ಎರಡೂ ಹೆಚ್ಚು ಮಾತಾಡುತ್ತವೆ.

ಮರೆಯಲ್ಲಿ ನಿಂತು ಹೊಡೆದವರು

ವಿಡಂಬನೆಯ ದಾರಿ ಹಿಡಿದವರಲ್ಲಿ ಜೊನಾಥನ್ ಸ್ವಿಫ್ಟ್ ಮತ್ತು ವಾಲ್ಟೇರ್ ಇಬ್ಬರ ನಡುವೆ ಆರಿಸಿಕೊಳ್ಳಬೇಕಾಗುತ್ತದೆ. ವಾಲ್ಟೇರನ 'ಕ್ಯಾಂಡೀಡ್' 1759ರಲ್ಲಿ ಯಾವನೋ ಜರ್ಮನ್ ಡಾಕ್ಟರ್ ರಾಲ್ಫ್‌ನ ಪುಸ್ತಕದ ಅನುವಾದವೆಂಬ ಸೋಗಿನಲ್ಲಿ ಹೊರಬಂತು. ಒಂದೆರಡು ಸಂಜೆಗಳಲ್ಲಿ ಓದಿ ಮುಗಿಸಬಹುದು. ಸುರಿನಾಮಿನ ದಾರಿಯಲ್ಲಿ ಮಲಗಿರುವ ಗುಲಾಮನ ಪ್ರಸಂಗ ಅದರ ಶಿಖರ: ಸಕ್ಕರೆಯ ಗಾಣಕ್ಕೆ ಬೆರಳು ಸಿಕ್ಕಿದರೆ ಕೈ ಕಡಿಯುತ್ತಾರೆ, ಓಡಿಹೋಗಲು ನೋಡಿದರೆ ಕಾಲು ಕಡಿಯುತ್ತಾರೆ, ತನಗೆ ಎರಡೂ ಆಗಿವೆ, ಯೂರೋಪಿನಲ್ಲಿ ನೀವು ಸಕ್ಕರೆ ತಿನ್ನುವುದು ಈ ಬೆಲೆಗೆ ಎಂದು ಅವನು ಹೇಳುತ್ತಾನೆ. ಆ ಒಂದು ಪುಟದಲ್ಲಿ ವ್ಯವಸ್ಥೆಯ ತುದಿಮೊದಲು ಇದೆ. ಉಳಿದ ಕಡೆ ಘಟನೆಗಳು ಎಷ್ಟು ವೇಗವಾಗಿ ಓಡುತ್ತವೆಂದರೆ ಯಾವ ಅನ್ಯಾಯದ ಮುಂದೆಯೂ ನಿಲ್ಲಲು ಬಿಡುವಿರುವುದಿಲ್ಲ.

ಸ್ವಿಫ್ಟ್‌ನ 'ಗಲಿವರನ ಪ್ರವಾಸಗಳು' ನಿಧಾನವಾಗಿ ಕೊರೆಯುವ ಕೃತಿ. ಲಿಲಿಪುಟ್‌ನಲ್ಲಿ ಮಂತ್ರಿ ಪದವಿ ಸಿಗುವುದು ಹಗ್ಗದ ಮೇಲೆ ಎತ್ತರಕ್ಕೆ ನೆಗೆದು ಬೀಳದವನಿಗೆ. ರಾಜಕೀಯ ಪಕ್ಷಗಳು ಒಡೆದಿರುವುದು ಪಾದರಕ್ಷೆಯ ಹಿಮ್ಮಡಿಯ ಎತ್ತರದ ಮೇಲೆ. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂಬ ಆಜ್ಞೆಗೆ ತಲೆಬಾಗುವುದಕ್ಕಿಂತ ಸಾಯುವುದೇ ಮೇಲೆಂದು ಹನ್ನೊಂದು ಸಾವಿರ ಜನ ಸತ್ತಿದ್ದಾರೆ. ಇವು ಮಕ್ಕಳಿಗೂ ಗೊತ್ತು. ದೈತ್ಯರ ನಾಡಿನ ದೊರೆಗೆ ಗಲಿವರ್ ಮದ್ದುಗುಂಡಿನ ಗುಟ್ಟನ್ನು ಕಾಣಿಕೆಯಾಗಿ ಕೊಡಲು ಹೋಗಿ, ದೊರೆ ಹೇಸಿ ಅದನ್ನು ನಿರಾಕರಿಸುವ ಪ್ರಸಂಗ ಮಾತ್ರ ದೊಡ್ಡವರು ಮತ್ತೆ ಓದಬೇಕಾದದ್ದು, ಏಕೆಂದರೆ ಅಲ್ಲಿ ದೊರೆಯನ್ನು ಸಂಕುಚಿತ ಬುದ್ಧಿಯವನೆಂದು ದೂರುವ ಗಲಿವರನೇ ನಮ್ಮ ಪ್ರತಿನಿಧಿ. ವಿಡಂಬನೆಯಲ್ಲಿ ಒಂದನ್ನೇ ಆರಿಸುವುದಾದರೆ ನನ್ನ ಮತ ಸ್ವಿಫ್ಟ್‌ಗೆ, ಒಂದು ಷರತ್ತಿನೊಂದಿಗೆ.

ಆ ಷರತ್ತು ಆವೃತ್ತಿಯದು. ಮಕ್ಕಳಿಗೆಂದು ಸಂಕ್ಷೇಪಿಸಿದ ಪುಸ್ತಕಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ಭಾಗಗಳು ಸಾಮಾನ್ಯವಾಗಿ ಇರುವುದೇ ಇಲ್ಲ. 1726ರ ಮೊದಲ ಮುದ್ರಣದಲ್ಲಿಯೇ ಪ್ರಕಾಶಕ ಬೆಂಜಮಿನ್ ಮಾಟ್ ಹೆದರಿ ಕೆಲವು ಭಾಗಗಳನ್ನು ತಿದ್ದಿದ್ದ. ದೊರೆಯ ಕೃಪೆಯ ಗುರುತಾಗಿ ಕೊಡುವ ರೇಷ್ಮೆ ದಾರಗಳ ನೀಲಿ, ಕೆಂಪು, ಹಸಿರು ಬಣ್ಣಗಳು ಇಂಗ್ಲೆಂಡಿನ ನಿಜವಾದ ಬಿರುದುಗಳನ್ನು ನೆನಪಿಸುತ್ತವೆಂದು ಅವುಗಳ ಜಾಗದಲ್ಲಿ ಬೇರೆ ಬಣ್ಣಗಳು ಬಂದಿದ್ದವು. 1735ರ ಡಬ್ಲಿನ್ ಆವೃತ್ತಿ ಇವುಗಳಲ್ಲಿ ಬಹಳಷ್ಟನ್ನು ಸರಿಪಡಿಸಿತು. ಆದರೆ ಅದೂ ಅಚ್ಚು ಹಾಕಲಾರದ ಒಂದು ಪ್ರಸಂಗ ಉಳಿದಿತ್ತು: ಹಾರುವ ದ್ವೀಪದಿಂದ ಪ್ರಜೆಗಳ ಮೇಲೆ ನೆರಳು ಕವಿಸಿ ಆಳುವ ದೊರೆಯ ವಿರುದ್ಧ ಲಿಂಡಲಿನೊ ಎಂಬ ನಗರದವರು ನಾಲ್ಕು ಗೋಪುರಗಳನ್ನು ಎಬ್ಬಿಸಿ, ತುದಿಗೆ ಅಯಸ್ಕಾಂತಗಳನ್ನು ಇಟ್ಟು, ದ್ವೀಪವನ್ನೇ ಕೆಳಗೆಳೆಯುವ ಬೆದರಿಕೆಯಿಂದ ದೊರೆಯನ್ನು ಮಣಿಸುವ ಕಥೆ. ಇಂಗ್ಲೆಂಡ್ ಐರ್ಲೆಂಡಿನ ಮೇಲೆ ಹೇರಲು ಬಂದ ನಾಣ್ಯವನ್ನು ಹಿಮ್ಮೆಟ್ಟಿಸಿದ ಡಬ್ಲಿನ್ನಿನ ಕಥೆಯೇ ಅದು ಎಂಬುದು ಆ ಕಾಲದವರಿಗೆ ಕೂಡಲೇ ತಿಳಿದುಬಿಡುತ್ತಿತ್ತು. ಆ ಕೆಲವು ಪ್ಯಾರಾಗಳು ಅಚ್ಚಿನ ಬೆಳಕು ಕಂಡದ್ದು 1899ರಲ್ಲಿ. ಪುಸ್ತಕ ಕೊಳ್ಳುವ ಮುನ್ನ ಮೂರನೆಯ ಭಾಗದ ಮೂರನೆಯ ಅಧ್ಯಾಯವನ್ನು ತೆರೆದು ಲಿಂಡಲಿನೊ ಎಂಬ ಹೆಸರು ಅಲ್ಲಿದೆಯೇ ಎಂದು ನೋಡಿಕೊಳ್ಳಿ.